ಹುಡುಕಪ್ಪನೂ ನಮ್ಮ ಕಾಕಾನೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆ ಜಗಳವಾಡದ ಮನುಷ್ಯ ಯಾರಿದ್ದಾನೆ ಹೇಳಿ? ಹೊಲದ ಬದುವಿಗೆ ಜಗಳ, ನೀರಿನ ಪಾಳಿಗೆ ಜಗಳ, ಯಾರ ಕಬ್ಬು ಮೊದಲು ಕಡಿಯಬೇಕು ಎಂದು ಜಗಳ. ಆದರೆ ಒಂದು ಸರ್ಚ್ ಎಂಜಿನ್ನಿನ ಮೇಲೆ ಸಿಟ್ಟಾಗಿ, ಅದರ ಜೊತೆ ಮಾತು ಬಿಟ್ಟು, ಮತ್ತೆ ರಾಜಿಯಾದ ಮನುಷ್ಯ ಈ ಸೀಮೆಯಲ್ಲಿ ಒಬ್ಬನೇ. ಆತ ನನ್ನ ಕಾಕಾ, ನನ್ನ ಅಪ್ಪನ ಖಾಸಾ ತಮ್ಮ! ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಫೋನಿನಲ್ಲಿ ಹುಡುಕುತ್ತೀರಿ. ಹುಡುಕಿದಿರಿ ಎಂದು ಗೊತ್ತಾದರೆ ಎಷ್ಟನೇ ಪುಟದಲ್ಲಿ ಸಿಕ್ಕೆ ಎಂದು ಕಾಕಾ ನಿಮ್ಮನ್ನು ಕೇಳುತ್ತಾನೆ. ಅಲ್ಲಿಗೆ ನಿಮ್ಮ ಆ ದಿನದ ಕೆಲಸ ಮುಗಿದ ಹಾಗೆ.

ಕಾಕಾನ ಹೊಲ ಚಿಕ್ಕಪಡಸಲಗಿಯ ಹತ್ತಿರ, ಹೊಳೆದಂಡೆಗೆ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯ್ದ ಮನೆತನ. ಹೊಲಕ್ಕೆ ನೀರು ಬಂದ ಮೇಲೆ ಕುರಿ ಹೋಗಿ ಕಬ್ಬು ಬಂತು, ನಾಯಿ ಸಾಕುವ ಚಟ ಮಾತ್ರ ಹಾಗೇ ಉಳಿಯಿತು. ಅದರ ಜೊತೆ ಮನೆಯ ಒಂದು ಪದ್ಧತಿಯೂ ಉಳಿಯಿತು. ಉಣ್ಣುವವರು ತಮ್ಮ ತಾಟಿನ ಕಡೀ ತುತ್ತನ್ನು ನಾಯಿಗೆ ಇಡಬೇಕು. ಸುಮ್ಮನೆ ಎಸೆಯುವ ಹಾಗಿಲ್ಲ. ಅಂಗೈಯಲ್ಲಿ ಹಿಡಿದು "ನಂದು ಆತು, ನಿಂದು ಉಣ್ಣು" ಎಂದು ಹೇಳಿ ಕೊಡಬೇಕು.

ಮುಧೋಳ ತಳಿಯ ಹೊನ್ನಿ ಎಂಬ ನಾಯಿ ಈ ಪದ್ಧತಿಯನ್ನು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿತ್ತು. ತಿಮ್ಮಾಪುರದಿಂದ ಮರಿಯಿದ್ದಾಗ ತಂದದ್ದು. ಗೋದಿ ಬಣ್ಣ, ಬಡಕಲು ಹೊಟ್ಟೆ, ಮಾಜಿ ಜಮೀನ್ದಾರರ ಹಾಗೆ ಉದ್ದ ಮೂತಿ. ಹಾಲು ರೊಟ್ಟಿ ಕಲಸಿ ಮುಂದಿಟ್ಟರೂ ಆ ಮಾತು ಕಿವಿಗೆ ಬೀಳುವ ತನಕ ಮೂಸಿ ಸಹ ನೋಡುತ್ತಿರಲಿಲ್ಲ. ಒಮ್ಮೆ ಕಾಕಾ ಉಣ್ಣುತ್ತಿರುವಾಗಲೇ ಯಾರೋ ಮೋಟರ್ ಸುಟ್ಟಿತೆಂದು ಕರೆದರು, ಆತ ಹಾಗೇ ಎದ್ದು ಹೋದ. ಸಂಜೆ ಬಂದು ನೋಡಿದರೆ ಹೊನ್ನಿ ಬಟ್ಟಲ ಮುಂದೆ ಕುಳಿತೇ ಇದ್ದಾಳೆ. ರೊಟ್ಟಿ ಒಣಗಿದೆ, ಹಾಲಿನ ಮೇಲೆ ಇರುವೆ ಹರಿದಾಡುತ್ತಿವೆ. ಕಾಕಾ ಕೈ ಸಹ ತೊಳೆಯದೆ ಕುಳಿತು ಮತ್ತೆ ಅರ್ಧ ರೊಟ್ಟಿ ಉಂಡು, ಹೇಳಬೇಕಾದದ್ದನ್ನು ಹೇಳಿದ ಮೇಲೆಯೇ ಆಕೆಯ ಉಪವಾಸ ಮುರಿಯಿತು.

ಅಂಥ ಹೊನ್ನಿ ಒಂದು ಕಬ್ಬಿನ ಹಂಗಾಮಿನಲ್ಲಿ ಮೊಲದ ಬೆನ್ನು ಹತ್ತಿ ಪಕ್ಕದ ಹೊಲ ಹೊಕ್ಕಳು. ಸ್ವಲ್ಪ ಹೊತ್ತಿಗೆ ಮೊಲ ಹೊರಗೆ ಬಂತು. ಹೊನ್ನಿ ಬರಲಿಲ್ಲ.

ಕಾಕಾ ಹುಡುಕಿದ ಪರಿಯನ್ನು ಏನು ಹೇಳಲಿ! ಮೋಟರ್‌ಸೈಕಲ್ಲಿನ ಮೇಲೆ ಚಿಕ್ಕಪಡಸಲಗಿಯಿಂದ ಹಿಡಿದು ರಬಕವಿಯ ತನಕ ಹೊಳೆಯ ಎರಡೂ ದಂಡೆ ಸುತ್ತಿದ. ಸಿಕ್ಕ ಸಿಕ್ಕ ಬಸ್ ಸ್ಟ್ಯಾಂಡಿನ ಗೋಡೆಗೆ ಹೊನ್ನಿಯ ಫೋಟೊ ಅಂಟಿಸಿದ. ಅಂಟಿಗೆ ಮೈದಾ ಹಿಟ್ಟು ಬಳಸಿದ್ದರಿಂದ ಆಡುಗಳು ಹೊನ್ನಿಯನ್ನು ಮುಖದ ಸಮೇತ ತಿಂದು ಹಾಕಿದವು. ಹುಡುಕುವುದೆಲ್ಲ ಮುಗಿದ ಮೇಲೂ ಕಾಕಾ ಕಡೀ ತುತ್ತು ಇಡುವುದನ್ನು ಬಿಡಲಿಲ್ಲ. ತಾಟಿನಂಚಿಗೆ ಇಟ್ಟದ್ದನ್ನು ಆತನ ಹೆಂಡತಿ, ನಮ್ಮ ಕಾಕು, ಕಟ್ಟೆಯ ಮೇಲೆ ಇಡುತ್ತಿದ್ದಳು, ಒಂದು ಕಾಗೆ ಬಂದು ಒಯ್ಯುತ್ತಿತ್ತು. ಬರುಬರುತ್ತಾ ಆ ಕಾಗೆ ಎಷ್ಟು ದಪ್ಪವಾಯಿತೆಂದರೆ, ಹಾರುವುದನ್ನು ಕಡಿಮೆ ಮಾಡಿ ನಡೆದುಕೊಂಡು ಬರುವ ರೂಢಿ ಮಾಡಿಕೊಂಡಿತು.

ಇನ್ನು ಈ ಕತೆಯಲ್ಲಿ ನಾನು ಎಲ್ಲಿ ಬಂದೆ ಎಂದರೆ, ಜಮಖಂಡಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಒಂದು ದಿನ ಕಾಕಾ ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದು ಕುಳಿತಿದ್ದ. ಪಕ್ಕದಲ್ಲಿದ್ದ ಗಿರಾಕಿಯೊಬ್ಬ ತನ್ನ ಎಮ್ಮೆಯ ಕೆಚ್ಚಲು ಬಾತಿದ್ದಕ್ಕೆ ಏನು ಮಾಡಬೇಕೆಂದು ಫೋನಿನಲ್ಲಿ ಹುಡುಕುತ್ತಿದ್ದ. ಕಾಕಾ ಅವನ ಹೆಗಲ ಮೇಲಿಂದ ಬಗ್ಗಿ ಬಗ್ಗಿ ನೋಡಿ, ಆತ ಎದ್ದು ಹೋದ ಮೇಲೆ ನನ್ನನ್ನು ಕೇಳಿದ.

"ತಂಗೀ, ಮನ್ಯಾಗ ನಾಯಿ ಇದ್ದಾವ್ರು, ಅದು ಏನ ತಿಂತೈತಿ, ಯಾಕ ಉಣ್ಣವಲ್ದು, ಅದನ್ನೂ ಇದರಾಗ ಕೇಳತಾರೇನು?"

"ಎಲ್ಲಾ ಕೇಳತಾರ ಕಾಕಾ."

"ಹಂಗಾರ ನಮ್ಮ ಹೊನ್ನಿ ಯಾರ ಮನ್ಯಾಗ ಅದಾಳೊ, ಅವ ಒಂದ ದಿನ ಕೇಳೇ ಕೇಳತಾನ. ಅವ ಕೇಳಿದಾಗ ಮೊದಲ ನಾ ಕಾಣಬೇಕು."

ಇದಕ್ಕೆ ನೀವು ಏನು ಉತ್ತರ ಕೊಡುತ್ತೀರಿ? ನಾನಂತೂ ಕಂಪ್ಯೂಟರಿನ ಮುಂದೆ ಕುಳಿತೆ. ಹಾಗೆ ಹುಟ್ಟಿತು ನಮ್ಮ ವೆಬ್‌ಸೈಟು. ಮಾತು ಕಾಕಾನದು, ಬೆರಳು ನನ್ನವು. ಆತ ನಿಂತುಕೊಂಡೇ ಹೇಳಿದ, ನಾನು ಒಂದಕ್ಷರ ತಿದ್ದದೆ ಹೊಡೆದೆ:

"ಜ್ವರಾ ಬ್ಯಾನಿ ಏನೂ ಇಲ್ಲದ ನಾಯಿ ಉಣ್ಣೂದು ಬಿಟ್ಟರ ಒಂದು ಮಾಡ್ರಿ. ಅದರ ಮುಂದ ಕುಂತು ಮೊದಲ ನೀವು ಉಣ್ರಿ. ಹೊಟ್ಟಿ ತುಂಬ ಉಣ್ರಿ. ಉಂಡಂಗ ಮಾಡಿದ್ರ ಅದಕ್ಕ ತಿಳಿತೈತಿ. ಕಡೀ ತುತ್ತು ಅಂಗೈಯಾಗ ಇಟ್ಟು, ನಂದು ಆತು, ನಿಂದು ಉಣ್ಣು ಅನ್ರಿ. ನಮ್ಮ ಹೊನ್ನಿ ಹಿಂಗ ಉಣ್ಣತಿದ್ದಳು. ಎಡಗಿವಿ ತುದಿ ಹರದೈತಿ. ಕಂಡ್ರ ಹೇಳ್ರಿ."

ಕೆಳಗೆ ಹೊನ್ನಿಯ ಫೋಟೊ, ಕಾಕಾನ ಫೋನ್ ನಂಬರು. ಅಷ್ಟೇ.

ಆಗ ಕನ್ನಡದಲ್ಲಿ ಈ ನಾಯಿಯ ಊಟದ ಬಗ್ಗೆ ಬೇರೆ ಯಾರೂ ಬರೆದಿರಲಿಲ್ಲವೋ ಏನೋ, ಕೆಲವೇ ದಿನಗಳಲ್ಲಿ ನಮ್ಮ ಪುಟ ಎಲ್ಲರಿಗಿಂತ ಮೇಲೆ ಬಂದು ಕುಳಿತಿತು! ಕಾಕಾನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡಿದವನಿಗೆ ಒಂದು ಹೆಸರು ಬೇಡವೇ? ಬೀರಪ್ಪನ ಪಕ್ಕಕ್ಕೆ ಹೊಂದುವ ಹಾಗೆ ಸರ್ಚ್ ಎಂಜಿನ್ನಿಗೆ "ಹುಡುಕಪ್ಪ" ಎಂದು ಆತನೇ ಹೆಸರಿಟ್ಟ. ನಮ್ಮ ಫೋನು ನಮ್ಮನ್ನು ಮೆಚ್ಚಿಸಲು ನಮ್ಮದನ್ನೇ ಮೇಲೆ ತೋರಿಸುತ್ತದೆ ಎಂದು ಯಾರೋ ಹೇಳಿದ್ದರಿಂದ, ದಿನವೂ ಕಂಡಕಂಡವರ ಫೋನಿನಲ್ಲಿ ಹುಡುಕಿಸಿ ನೋಡುವ ಚಟ ಹಿಡಿಯಿತು. ಕ್ಷೌರಕ್ಕೆ ಕುಳಿತರೆ ಅರ್ಧ ಗಡ್ಡ ಹೆರೆಯುವುದನ್ನು ನಿಲ್ಲಿಸಿ ಕ್ಷೌರಿಕನ ಫೋನು. ಬಸ್ಸಿನಲ್ಲಿ ಟಿಕೆಟು ಕೊಳ್ಳುವ ಮೊದಲು ಕಂಡಕ್ಟರನ ಫೋನು. ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರಕ್ಕೂ ಹೋಗಿ ಅಲ್ಲಿಯ ಸಿಬ್ಬಂದಿಯಿಂದ ಹುಡುಕಿಸಿದ. ಅವರು ಪಾಪ ನಯವಾಗಿ, "ಅಲ್ರಿ ಯಜಮಾನ್ರ, ನಾಯಿ ಉಣಸೂದು ಹೆಂಗಂತ ನಮಗ ಹುಡುಕಾಕ ಹಚ್ಚಿದ್ರಿ?" ಎಂದರಂತೆ. ಕಾಕಾ ಅವರಿಗೆ ಪೇಢೆ ಕೊಟ್ಟು ಬಂದ.

ಸುಖ ಬಹಳ ಕಾಲ ಬಾಳಲಿಲ್ಲ. ಬೇರೆ ಬೇರೆಯವರು ಬರೆಯತೊಡಗಿದರು. ಎಂದೂ ನಾಯಿಯ ಮುಖ ನೋಡದವರು ಸಹ ನಾಯಿಯ ಬಗ್ಗೆ ಬರೆದರು. ನಮ್ಮ ಪುಟ ಮೊದಲನೇ ಸಾಲಿನಿಂದ ಮೂರನೇ ಸಾಲಿಗೆ ಜಾರಿತು. ಕಾಕಾ ಎರಡು ಹೊತ್ತು ಉಣ್ಣದೆ ಮಲಗಿದ. ಮೂರನೇ ಸಾಲಾದರೆ ಏನಾಯಿತು ಕಾಕಾ ಎಂದು ನಾನು ಸಮಾಧಾನ ಹೇಳಿದರೆ, ಹೊನ್ನಿ ಇಟ್ಟುಕೊಂಡವನಿಗೆ ಮೂರನೇ ಸಾಲಿನ ತನಕ ಓದುವ ತಾಳ್ಮೆ ಇಲ್ಲದಿದ್ದರೆ ಏನು ಮಾಡುವುದು ಎಂದು ನನಗೇ ತಿರುಗಿ ಕೇಳಿದ.

ಆಗ ಕಾಕಾನಿಗೆ ಒಬ್ಬ ಗುರು ಸಿಕ್ಕ. ಬನಹಟ್ಟಿಯಲ್ಲಿ ಮಗ್ಗದ ಸೀರೆಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ವ್ಯಾಪಾರಿ. ಹುಡುಕಪ್ಪನ ನಾಡಿಮಿಡಿತ ತನಗೆ ಗೊತ್ತು ಎನ್ನುವವ. ಮಂದಿ ಯಾವ ಶಬ್ದ ಹುಡುಕುತ್ತಾರೋ ಆ ಶಬ್ದವನ್ನು ಬರಹದಲ್ಲಿ ಮತ್ತೆ ಮತ್ತೆ ತುರುಕಬೇಕು, ಆಗ ಹುಡುಕಪ್ಪ ಒಲಿಯುತ್ತಾನೆ ಎಂದು ಆತ ಉಪದೇಶ ಮಾಡಿದ. ಕಾಕಾ ಓಡುತ್ತಾ ಬಂದು ನನ್ನಿಂದ ಬರೆಸಿದ: "ಮುಧೋಳ ನಾಯಿ ಅಂದರೆ ಮುಧೋಳದ ನಾಯಿ. ಮುಧೋಳ ನಾಯಿ ಸಾಕುವವರು ಮುಧೋಳ ನಾಯಿಗೆ ಮುಧೋಳ ನಾಯಿಯ ಆಹಾರ ಕೊಟ್ಟರೆ ಮುಧೋಳ ನಾಯಿ ಉತ್ತಮ ಮುಧೋಳ ನಾಯಿ ಆಗುತ್ತದೆ." ಹೊಡೆದು ಹೊಡೆದು ನನ್ನ ಬೆರಳುಗಳೇ ಬೊಗಳುವುದೊಂದು ಬಾಕಿ ಇತ್ತು.

ಬರಹದಲ್ಲಿ ನಿಂತಿದ್ದರೆ ಸಹಿಸಬಹುದಿತ್ತು. ಅಭ್ಯಾಸ ನಾಲಿಗೆಗೂ ಇಳಿಯಿತು! ಒಂದು ದಿನ ಉಣ್ಣಲು ಕುಳಿತು ಕಾಕುವಿಗೆ ಹೇಳುತ್ತಾನೆ: "ರೊಟ್ಟಿ ಹಾಕು. ಬಿಸಿ ರೊಟ್ಟಿ. ಜೋಳದ ಬಿಸಿ ರೊಟ್ಟಿ. ಜಮಖಂಡಿ ಜೋಳದ ಬಿಸಿ ರೊಟ್ಟಿ."

ಕಾಕು ಶಾಂತವಾಗಿ ಹಂಚಿನ ಮೇಲಿಂದ ಒಂದು ರೊಟ್ಟಿ ತೆಗೆದು ಹಾಕಿ, "ಇದು ನಾಲ್ಕನೇ ಸಲ ಅಂದಿದ್ದಕ್ಕ ಬಂತೇನ್ರಿ, ಮೊದಲನೇ ಸಲ ಅಂದಿದ್ದಕ್ಕ ಬಂತೇನ್ರಿ?" ಎಂದಳು. ಕಾಕಾ ಅದಕ್ಕೆ ಉತ್ತರ ಹುಡುಕುವುದರೊಳಗೆ ಬಿಸಿ ರೊಟ್ಟಿ ಆರಿಹೋಯಿತು.

ಸುಳ್ಳೇಕೆ ಹೇಳಲಿ, ಈ ತುರುಕುವ ವಿದ್ಯೆ ಮೊದಮೊದಲು ಫಲ ಕೊಟ್ಟಿತು. ಮತ್ತೆ ಮೊದಲನೇ ಸಾಲು, ಮತ್ತೆ ಪೇಢೆ. ಆಮೇಲೆ ಒಂದು ದಿನ ಹುಡುಕಪ್ಪ ತನ್ನ ಲೆಕ್ಕಾಚಾರವನ್ನೇ ಬದಲಾಯಿಸಿಬಿಟ್ಟ. ತುರುಕಿದವರನ್ನೆಲ್ಲ ಕುತ್ತಿಗೆ ಹಿಡಿದು ಕೆಳಗೆ ದಬ್ಬಿದ. ನಮ್ಮ ಪುಟ ಎರಡನೇ ಪುಟಕ್ಕೆ ಹೋಗಿ ಬಿತ್ತು. ಏನು ಮಾಡಿದರೆ ಮೇಲೆ ಬರಬಹುದು ಎಂದು ನಾನು ಹುಡುಕಪ್ಪನ ಕಂಪನಿಯವರ ಪ್ರಕಟಣೆ ಓದಿ ಹೇಳಿದೆ. ನಮ್ಮನ್ನು ಮೆಚ್ಚಿಸಲು ಬರೆಯಬೇಡಿ, ಮಂದಿಗಾಗಿ ಬರೆಯಿರಿ ಎಂಬುದು ಅದರ ಸಾರ.

ಕಾಕಾ ಗಂಭೀರನಾದ. "ಇದು ಹೇಳಿಕಿ ಐತಿ" ಎಂದ.

ಹೇಳಿಕೆ ಎಂದರೆ ಗೊತ್ತಲ್ಲ? ನಮ್ಮ ಬೀರಪ್ಪನ ಗುಡಿಯಲ್ಲಿ ಪೂಜಾರಿಯ ಮೈತುಂಬಿ ದೇವರು ವರ್ಷದ ಭವಿಷ್ಯ ನುಡಿಯುತ್ತಾನೆ. ಕರಿ ಕಂಬಳಿ ಬೀಸೀತು, ಬಿಳಿ ಮುತ್ತು ಚೆಲ್ಲೀತು, ಇಷ್ಟೇ ನುಡಿ. ಕಂಬಳಿ ಎಂದರೆ ಮೋಡವೋ ಕುರಿಯೋ, ಮುತ್ತು ಎಂದರೆ ಜೋಳವೋ ಆಣೆಕಲ್ಲೋ ಎಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ಅರ್ಥ ಬಿಡಿಸುತ್ತಾರೆ. ಕಾಕಾ ಹುಡುಕಪ್ಪನ ಹೇಳಿಕೆಯನ್ನೂ ಅದೇ ಕಟ್ಟೆಗೆ ಒಯ್ದ! ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಯೋಚನೆಗೆ ಕುಳಿತರು. ಮೆಚ್ಚಿಸಬೇಡಿ ಎನ್ನುವವನೇ ಖರೆ ಮೆಚ್ಚಿಕೆ ಬಯಸುವವನು, ಆದ್ದರಿಂದ ಏನೋ ಹರಕೆ ಬಾಕಿ ಇದೆ ಎಂದು ಒಬ್ಬರು. ಮಂದಿ ಎಂದರೆ ಕುರಿಮಂದೆ, ನಾಯಿಯನ್ನು ಬಿಟ್ಟು ಕುರಿಯ ಬಗ್ಗೆ ಬರೆಯಬೇಕು ಎಂದು ಇನ್ನೊಬ್ಬರು. ಮೂಲೆಯಲ್ಲಿದ್ದ ಮೂರನೆಯವರು ಮಾತ್ರ, "ಮಂದಿಗಾಗಿ ಬರೀರಿ ಅಂದ್ರ ಮಂದಿಗಾಗಿ ಬರೀರಿ ಅಂತನ ಅರ್ಥ ಇರಬೇಕು" ಎಂದರು. ಇಂಥ ಗಹನವಾದ ವಿಷಯದಲ್ಲಿ ಇಷ್ಟು ಸಡಿಲವಾಗಿ ಮಾತಾಡಬಾರದು ಎಂದು ಎಲ್ಲರೂ ಸೇರಿ ಅವರನ್ನು ಸುಮ್ಮನೆ ಕೂರಿಸಿದರು.

ಹರಕೆಯ ಪಕ್ಷ ಗೆದ್ದಿತು. ಮರುದಿನ ಕಾಕಾ ಗುಡಿಯ ಭಂಡಾರವನ್ನು ಬೊಗಸೆ ತುಂಬ ತಂದು, ನಾನು ಬೇಡ ಬೇಡ ಎನ್ನುವುದರೊಳಗೆ ನನ್ನ ಕಂಪ್ಯೂಟರಿಗೆ ಅರ್ಪಿಸಿದ. ದೇವರ ಅರಿಷಿಣಪುಡಿಗೆ ಮನುಷ್ಯರ ಮೈಮೇಲೆ ಇರುವ ಮಹಿಮೆ ಕೀಬೋರ್ಡಿನ ಮೇಲೆ ಇಲ್ಲ. ಅದರ ಗುಂಡಿಗಳು ಒತ್ತಿದರೆ ಏಳದಾದವು, ಎದ್ದರೆ ಒತ್ತಿಸಿಕೊಳ್ಳದಾದವು. ಆ ವಾರ ನನ್ನ ಅಂಗಡಿಯಿಂದ ಹೋದ ಅರ್ಜಿಗಳೆಲ್ಲ ಹಳದಿ ಬೆರಳಚ್ಚಿನೊಂದಿಗೆ ತಹಸೀಲ್ದಾರ ಕಚೇರಿಗೆ ಹೋದವು. ಅಲ್ಲಿಯ ಗುಮಾಸ್ತರು ಶುಭಕಾರ್ಯ ಯಾವಾಗ ಎಂದು ನನ್ನನ್ನು ವಿಚಾರಿಸಿದರು.

ಗುರುಗಳ ಎರಡನೇ ಉಪದೇಶ, ಉದ್ದ ಬರೆದರೆ ಮೇಲೆ ಬರುತ್ತದೆ. ಸರಿ, ಉದ್ದ ಮಾಡಿದೆವು. ನಾಯಿಗೆ ರೊಟ್ಟಿ ಹಾಕುವ ವಿಷಯಕ್ಕೆ ಬರುವ ಮೊದಲು ನಾಯಿ ಎಂದರೇನು, ಮನುಷ್ಯನಿಗೂ ನಾಯಿಗೂ ಸ್ನೇಹ ಹೇಗೆ ಬೆಳೆಯಿತು, ಹಿಂದಿನ ರಾಜಮಹಾರಾಜರು ಬೇಟೆಗೆ ಹೇಗೆ ಹೋಗುತ್ತಿದ್ದರು, ಕುದುರೆಯ ಮೇಲೋ ಆನೆಯ ಮೇಲೋ ಎಂದೆಲ್ಲ ಪುರಾಣ ಬೆಳೆಯಿತು. ಹೊನ್ನಿಯ ಮಾತು ಕೆಳಗೆ ಕೆಳಗೆ ಇಳಿಯಿತು. ಬರೆದದ್ದನ್ನು ಕಾಕುವಿಗೆ ಓದಿ ತೋರಿಸಿದೆ. ಆಕೆ ಎರಡು ಸಲ ಆಕಳಿಸಿ, ಇದು ಮುಗಿಯುವುದರೊಳಗೆ ನಾಯಿ ಹಸಿದು ಸತ್ತಿರುತ್ತದಲ್ಲ ಎಂದಳು.

ಮೂರನೇ ಉಪದೇಶ ಕೊಂಡಿಗಳದ್ದು. ಬೇರೆ ವೆಬ್‌ಸೈಟಿನವರು ನಮ್ಮ ಕಡೆ ಬೆರಳು ತೋರಿಸಿದರೆ ಹುಡುಕಪ್ಪನ ಕಣ್ಣಲ್ಲಿ ನಮ್ಮ ತೂಕ ಹೆಚ್ಚುತ್ತದಂತೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿಸಿದ ಹಾಗೆ. ಕಾಕಾ ಸಾಕ್ಷಿ ಹುಡುಕಿಕೊಂಡು ಬೀಳಗಿಗೆ ಹೋದ. ಅಲ್ಲಿ ನಮ್ಮ ಬೀಗರೊಬ್ಬರದು ಮದುವೆಯ ಬ್ಯಾಂಡ್ ಕಂಪನಿ, ಅವರಿಗೊಂದು ವೆಬ್‌ಸೈಟು. ಬೀಗತನದ ದಾಕ್ಷಿಣ್ಯಕ್ಕೆ ಅವರು ತಮ್ಮ ವಾದ್ಯಗಳ ಫೋಟೊದ ಕೆಳಗೆ "ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ" ಎಂದು ನಮ್ಮ ಪುಟದ ಕೊಂಡಿ ಹಾಕಿದರು. ತೂಕ ಹೆಚ್ಚಿತೋ ಇಲ್ಲವೋ, ಫೋನುಗಳಂತೂ ಹೆಚ್ಚಿದವು. ಎಲ್ಲ ಮದುವೆ ಮನೆಯವರವೇ! ಒಬ್ಬರು, ಒಂದು ಮೆರವಣಿಗೆಗೆ ಎಷ್ಟು ಜನ ಬರುತ್ತೀರಿ ಎಂದು ಕೇಳಿದ್ದಾರೆ. ಕಾಕಾ, ಜನ ಬರುವುದಿಲ್ಲ, ನಮ್ಮದು ಬರೀ ನಾಯಿ ಎಂದಿದ್ದಾನೆ. ಅವರು ಸ್ವಲ್ಪ ಯೋಚಿಸಿ, ಬೆಳಿಗ್ಗೆಯಿಂದ ಸಂಜೆಯ ತನಕ ಊದುತ್ತವೆಯೇ ಎಂದು ಕೇಳಿದರಂತೆ. ಎಡಗಿವಿ ಹರಿದ ನಾಯಿಯನ್ನು ನಿಮ್ಮ ಕಡೆ ಎಲ್ಲಾದರೂ ಕಂಡಿದ್ದೀರಾ ಎಂದು ಪ್ರತಿಯೊಬ್ಬರನ್ನೂ ಕೇಳದೆ ಕಾಕಾ ಫೋನು ಇಡುತ್ತಿರಲಿಲ್ಲ. ಮದುವೆ ಗೊತ್ತಾದ ಸಂಭ್ರಮದಲ್ಲಿದ್ದ ಅವರೂ, ನೋಡಿ ಹೇಳುತ್ತೇವೆ ಎನ್ನುತ್ತಿದ್ದರು.

ಹೀಗೆ ವರ್ಷಗಳು ಉರುಳಿದವು. ಹುಡುಕಪ್ಪ ನಿಯಮ ಬದಲಾಯಿಸಿದಾಗಲೆಲ್ಲ ಕಾಕಾನ ಪುಟವೂ ವೇಷ ಬದಲಾಯಿಸಿತು. ಈಚೆಗಂತೂ ಬರೆಯುವ ಯಂತ್ರಗಳೇ ಬಂದವು. ಕಾಕಾನ ಗುರುಗಳು ತಮ್ಮ ಸೀರೆಗಳ ವರ್ಣನೆಯನ್ನೆಲ್ಲ ಯಂತ್ರದಿಂದ ಬರೆಸಿ ಖುಷಿಯಲ್ಲಿದ್ದರು, ನಾಯಿಯದನ್ನೂ ಬರೆಸಿ ಕಳಿಸಿದರು. "ಮುಧೋಳ ನಾಯಿ ಕುಟುಂಬದ ಪ್ರೀತಿಯ ಸದಸ್ಯ. ಅದಕ್ಕೆ ಸಮತೋಲಿತ ಆಹಾರ ನೀಡುವುದು ಅತ್ಯಂತ ಮುಖ್ಯ. ನೆನಪಿಡಿ, ಪ್ರತಿಯೊಂದು ನಾಯಿಯೂ ವಿಶಿಷ್ಟ." ಓದಲು ನುಣ್ಣಗಿತ್ತು. ತಪ್ಪು ಒಂದೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಇದನ್ನು ಹಾಕಿ ಕೆಳಗಿನ ಆ ಹಳೆಯ ತುಂಡನ್ನು ತೆಗೆದುಬಿಡಿ, ರೊಟ್ಟಿ ತುತ್ತು ಎಂಬ ಆಡುಮಾತು ಪುಟದ ಮರ್ಯಾದೆ ಕಳೆಯುತ್ತದೆ, ಅದರಿಂದಲೇ ನೀವು ಮೇಲೆ ಬರುತ್ತಿಲ್ಲ ಎಂದು ಗುರುಗಳು ಹೇಳಿದ್ದರು.

ಕಾಕಾ ಒಪ್ಪಿಬಿಟ್ಟ. ಮೇಲೆ ಬರಬೇಕೆಂಬ ಹಟದಲ್ಲಿ, ಮೇಲೆ ಬಂದು ಏನು ತೋರಿಸಬೇಕು ಎಂಬುದೇ ಮರೆತುಹೋಗಿತ್ತು. ತೆಗಿ ತಂಗಿ ಎಂದ. ನಾನು ಮೌಸಿನ ಮೇಲೆ ಕೈ ಇಟ್ಟೆ. ಅಂದು ಪೇಟೆಗೆಂದು ಜೊತೆಗೆ ಬಂದಿದ್ದ ಕಾಕು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಚೀಲ ಹಿಡಿದು ಕುಳಿತಿದ್ದಳು. ಅಲ್ಲಿಯ ತನಕ ವೆಬ್‌ಸೈಟಿನ ವಿಷಯದಲ್ಲಿ ನಗುವುದು ಬಿಟ್ಟು ಏನೂ ಮಾಡದವಳು ಎದ್ದು ಬಂದು ನನ್ನ ಕೈ ಹಿಡಿದಳು.

"ಮ್ಯಾಲ ಏನರೆ ಬರಕೋರಿ. ಅದೊಂದು ತಗೀಬ್ಯಾಡ್ರಿ. ಆಕಿ ಅದರಾಗ ಅದಾಳ."

ನಾನು ಯಂತ್ರದ ಬರಹವನ್ನು ಮೇಲೆ ಹಾಕಿ, ಆ ತುಂಡನ್ನು ಎಲ್ಲದರ ಕೆಳಗೆ, ಫೋಟೊದ ಪಕ್ಕದಲ್ಲಿ ಹಾಗೇ ಬಿಟ್ಟೆ.

ಅಷ್ಟಾಗಿಯೂ ಹುಡುಕಪ್ಪ ಒಲಿಯಲಿಲ್ಲ. ಯಂತ್ರ ಬರೆದ ಪುಟಗಳು ಜಾತ್ರೆಯ ಹಾಗೆ ನೆರೆದಿದ್ದವು, ಎಲ್ಲವೂ ಅದೇ ಸಮತೋಲಿತ ಆಹಾರ. ಸಾಲದ್ದಕ್ಕೆ ಹುಡುಕಪ್ಪ ಈಗ ಕೇಳಿದವರಿಗೆ ತಾನೇ ಮೇಲೆ ನಾಲ್ಕು ಸಾಲಿನ ಉತ್ತರ ಬರೆದು ಕೊಡತೊಡಗಿದ್ದ. ಅದು ಸಾಕೆಂದು ಮಂದಿ ಕೆಳಗೆ ಇಳಿಯುವುದನ್ನೇ ಬಿಟ್ಟಿದ್ದರು. ನಮ್ಮ ಪುಟ ನಾಲ್ಕನೆಯದರಲ್ಲೋ ಐದನೆಯದರಲ್ಲೋ ಎಲ್ಲೋ ಇತ್ತು. ಕಾಕಾ ಹುಡುಕಪ್ಪನ ಜೊತೆ ಮಾತು ಬಿಟ್ಟ. ಹಾಗೆಂದರೆ ಏನು ಎನ್ನುತ್ತೀರಾ? ನನ್ನ ಅಂಗಡಿಗೆ ಬರುತ್ತಿದ್ದ, ಕಂಪ್ಯೂಟರಿಗೆ ಬೆನ್ನು ಮಾಡಿ ಕೂರುತ್ತಿದ್ದ. ಹೊನ್ನಿಗೂ ವಯಸ್ಸಾಗಿರುತ್ತದೆ, ಇದ್ದರೆ, ಎಂದು ಒಮ್ಮೆ ಹೇಳಿದ. ಆ "ಇದ್ದರೆ" ಎಂಬ ಮಾತನ್ನು ಆತನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಈ ವರ್ಷ ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಹೊತ್ತು. ಕಾಕಾ ಅಂಗಡಿಯಲ್ಲಿ ಹಾಗೇ ಬೆನ್ನು ಮಾಡಿ ಕುಳಿತು ಚಹಾ ಕುಡಿಯುತ್ತಿದ್ದ. ಫೋನು ಬಂತು. ಕಿವಿ ಸ್ವಲ್ಪ ಮಂದವಾದ್ದರಿಂದ ಆತ ಯಾವಾಗಲೂ ಸ್ಪೀಕರ್ ಹಚ್ಚಿಯೇ ಮಾತಾಡುವುದು. ಆ ಕಡೆಯ ಗಂಡಸಿನ ಧ್ವನಿ, ಗಡಿಯಾಚೆ ಜತ್ತದ ಕಡೆಯಿಂದ ಮಾತಾಡುತ್ತಿದ್ದೇನೆ, ನಾಯಿಯ ಬಗ್ಗೆ ಬರೆದವರು ನೀವೇನು ಎಂದು ಕೇಳಿತು. ಯಾವುದೋ ಮದುವೆಯ ಮನೆ ಎಂದು ನಾನು ಅಂದುಕೊಂಡೆ. ಕಾಕಾ ಅಭ್ಯಾಸಬಲದಿಂದ, ಎಷ್ಟನೇ ಪುಟದಲ್ಲಿ ಸಿಕ್ಕೆ ಎಂದು ಕೇಳಿದ.

"ಪುಟಾ ನೋಡಿಲ್ರಿ. ಮ್ಯಾಲಿನಾವ್ರೆಲ್ಲಾ ಒಂದ ಮಾತ ಹೇಳಿದ್ರು. ಅದನ್ನೆಲ್ಲಾ ಮಾಡಿ ಮುಗಿಸಿದ್ನಿ. ಆಮ್ಯಾಲ ಕೆಳಗ ಕೆಳಗ ಹೋದ್ನಿ" ಎಂದಿತು ಆ ಧ್ವನಿ.

ಆಮೇಲೆ ಅವರು ನಿಧಾನವಾಗಿ ಹೇಳಿದರು. ಬೇಸಿಗೆಯಲ್ಲಿ ಅವರ ಹೆಂಡತಿ ತೀರಿಕೊಂಡರಂತೆ. ಮನೆಯವರೆಲ್ಲ ಉಂಡ ಮೇಲೆ ಆಕೆ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಉಣ್ಣುವವಳು, ಎದುರಿಗೆ ನಾಯಿ ಕೂರುವುದು, ಏಳುವಾಗ ಆಕೆ ಅದಕ್ಕೊಂದು ತುಣುಕು ಹಾಕುವಳು. ಆಕೆ ಹೋದ ಮೇಲೆ ನಾಯಿ ಅನ್ನ ಬಿಟ್ಟಿತು. ಹೊಸ್ತಿಲ ಕಡೆ ಮುಖ ಮಾಡಿ ಮಲಗಿದ್ದು ಏಳಲಿಲ್ಲ. ಡಾಕ್ಟರು ಬಂದು ನೋಡಿ ರೋಗವೇನೂ ಇಲ್ಲ ಎಂದರು. ಇವರಿಗೂ ತಾಟಿನ ಮುಂದೆ ಕೂರಲು ಮನಸ್ಸಾಗದೆ ಚಹಾ, ಬೇಕರಿಯ ಪಾವು ಎಂದು ದಿನ ನೂಕುತ್ತಿದ್ದರು. ಹುಡುಕುತ್ತಾ ಹುಡುಕುತ್ತಾ ಕಾಕಾನ ಮಾತು ಸಿಕ್ಕಿತು. ಮೊದಲ ನೀವು ಉಣ್ರಿ ಎಂದು ಬರೆದಿತ್ತು. ಹೊಟ್ಟಿ ತುಂಬ ಉಣ್ರಿ, ಉಂಡಂಗ ಮಾಡಿದ್ರ ಅದಕ್ಕ ತಿಳಿತೈತಿ ಎಂದು ಬರೆದಿತ್ತು. ಅದನ್ನು ಓದಿ ಎದ್ದು ಹಿಟ್ಟು ಕಲಸಿ, ದಪ್ಪಗೆ, ಅರ್ಧ ಕರಕಾದ ಒಂದು ರೊಟ್ಟಿ ಮಾಡಿಕೊಂಡು, ನಾಯಿಯ ಮುಂದೆ ಕುಳಿತು ಉಂಡರು. ಕಡೀ ತುತ್ತು ಅಂಗೈಯಲ್ಲಿಟ್ಟು, ಬರೆದದ್ದನ್ನು ಇದ್ದ ಹಾಗೇ ಓದಿ ಹೇಳಿದರು.

"ಹೊಸ್ತಿಲದ ಕಡೆ ಇದ್ದ ಮಾರಿ ಹೊಳ್ಳಿಸಿ ನನ್ನ ನೋಡಿತ್ರಿ. ಬಾಳ ಹೊತ್ತು ನೋಡಿತು. ಎದ್ದು ಬಂದು ಉಂಡಿತ್ರಿ."

ಆಮೇಲೆ ಪುಟದ ಕೊನೆಯ ಸಾಲನ್ನೂ ಓದಿದ್ದರು. ಎಡಗಿವಿಯ ಮಾತು.

ಹಿಂದೆ ಅವರ ಊರಿನಿಂದ ನಮ್ಮ ಕಡೆ ಕಬ್ಬು ಕಡಿಯಲು ಬಂದು ಮರಳುತ್ತಿದ್ದ ಗುಂಪಿನ ಟ್ರ್ಯಾಕ್ಟರಿನ ಬೆನ್ನು ಹತ್ತಿ ಓಡಿ ಬಂದಿದ್ದ ನಾಯಿಯಂತೆ. ಅಂಗಾಲು ಬಿರಿದು ರಕ್ತ ಬರುತ್ತಿತ್ತಂತೆ, ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಹೆಂಡತಿ ಅರಿಷಿಣ ಹಚ್ಚಿ ಒಳಗೆ ಕರೆದುಕೊಂಡರು.

"ನಾವು ಲಕ್ಷ್ಮಿ ಅಂತ ಕರಿತೇವ್ರಿ. ಆದ್ರ ಅದು ನಿಮ್ಮ ಹೊನ್ನಿ. ಬಂದು ಒಯ್ರಿ" ಎಂದರು.

ನಾನು ಕಾಕಾನ ಮುಖ ನೋಡಿದೆ. ಎಷ್ಟು ವರ್ಷ ಈ ಒಂದು ಫೋನಿಗಾಗಿ ಈ ಮನುಷ್ಯ ಕುಣಿಯದ ಕುಣಿತ ಕುಣಿದಿದ್ದ! ಈಗ ಎದ್ದು ಕುಣಿಯಬೇಕಾದವನು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೇ ಇದ್ದ. ಆ ಕಡೆಯವರು ಫೋನು ಕಟ್ಟಾಯಿತೆಂದು ಹಲೋ ಹಲೋ ಎಂದರು.

"ಇವತ್ತ ಉಂಡ್ರೇನ್ರಿ ನೀವು?" ಎಂದು ಕೇಳಿದ ಕಾಕಾ.

"ಉಂಡ್ನಿರಿ. ನಾ ಉಣ್ಣಲಿಲ್ಲಂದ್ರ ಅದು ಉಣ್ಣಂಗಿಲ್ಲಲ್ರಿ."

"ಹಂಗಾರ ಆಕಿ ಅಲ್ಲೇ ಇರಲಿ. ನಾ ಕರಕೊಂಡು ಬಂದ್ರ ನಿಮಗ ಉಣಸಾವ್ರು ಯಾರು?"

ಆ ಕಡೆ ಗಂಡಸು ಅಳುವ ಸದ್ದು ಕೇಳಿಸಿತು. ಬರುವ ಅಮಾವಾಸ್ಯೆಗೆ ಕಾಕುವನ್ನೂ ಕರೆದುಕೊಂಡು ನೋಡಲು ಬರುತ್ತೇನೆ ಎಂದು ಹೇಳಿ, ಊರಿನ ದಾರಿ ಕೇಳಿಕೊಂಡು ಕಾಕಾ ಫೋನಿಟ್ಟ. ಕಂಪ್ಯೂಟರಿನ ಕಡೆ ತಿರುಗಿ ಕುಳಿತ. ಮೇಲಿನ ಆ ಸಮತೋಲಿತ ಆಹಾರವನ್ನೂ, ರಾಜಮಹಾರಾಜರನ್ನೂ ತೆಗೆದುಹಾಕು ಎಂದ. ತೆಗೆದೆ. ಕೆಳಗಿನ ತುಂಡಿನಲ್ಲಿ ಒಂದೇ ಒಂದು ಮಾತು ತೆಗೆಯಲು ಹೇಳಿದ, "ಕಂಡ್ರ ಹೇಳ್ರಿ" ಎಂಬುದನ್ನು. ಅದನ್ನು ತೆಗೆಯುವಾಗ ನನಗೆ ಪರದೆ ಸರಿಯಾಗಿ ಕಾಣಲಿಲ್ಲ. ಭಂಡಾರದ ಧೂಳು ಇನ್ನೂ ಇತ್ತೇನೋ.

ಮಧ್ಯಾಹ್ನ ಆತನ ಜೊತೆ ನಾನೂ ಹೊಲದ ಮನೆಗೆ ಹೋದೆ. ಕಾಕುವಿಗೆ ಎಲ್ಲ ಹೇಳಿದ್ದು ನಾನೇ. ಆಕೆ ಒಲೆಯ ಮುಂದಿನಿಂದ ಏಳದೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ರೊಟ್ಟಿ ಬಡಿದಳು. ಕಾಕಾ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ ಎಲ್ಲವನ್ನೂ ನಿಧಾನವಾಗಿ ಉಂಡ. ದಪ್ಪ ಕಾಗೆ ವೇಳೆಗೆ ಸರಿಯಾಗಿ ಕಟ್ಟೆಯ ಮೇಲೆ ನಡೆದು ಬಂದು ನಿಂತಿತು. ಕಾಕಾ ಕಡೀ ತುತ್ತನ್ನು ಎಂದಿನ ಹಾಗೆ ಅಂಗೈಯಲ್ಲಿ ಹಿಡಿದ. ಕಾಕು ಎಂದಿನ ಹಾಗೆ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು.

ಕಾಕಾ ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡ.

"ಆಕಿ ಉಂಡಾಳ" ಎಂದ.